ನಿಮಗಿದು ಗೊತ್ತೇ? ಅರಿವಳಿಕೆಯಲ್ಲೂ ಕೈ ಮಾತಾಡುತ್ತದೆ!

ಆಪರೇಷನ್ ಎಂದರೆ ನಮಗೆ ಗೊತ್ತಿರುವುದು ಇಷ್ಟು. ಇಂಜೆಕ್ಷನ್ ಕೊಡುತ್ತಾರೆ, ಕಣ್ಣು ಮುಚ್ಚುತ್ತೇವೆ, ಕಣ್ಣು ಬಿಟ್ಟಾಗ ಎಲ್ಲ ಮುಗಿದಿರುತ್ತದೆ. ಆದರೆ ಆ ನಡುವಿನ ಹೊತ್ತಿನಲ್ಲಿ ನಿಮಗೆ ನಿಜವಾಗಿ ಎಚ್ಚರ ತಪ್ಪಿದೆಯೇ, ನೋವು ತಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಇದಕ್ಕಾಗಿ ಡಾಕ್ಟರುಗಳು ಕಣ್ಣಿನ ಪಾಪೆ ನೋಡಿದ್ದಾರೆ, ಬೆವರು ಅಳೆದಿದ್ದಾರೆ, ಅನ್ನನಾಳದೊಳಗೆ ಬಲೂನು ಇಳಿಸಿದ್ದಾರೆ, ಮಲಗಿದವರ ಕೈ ಹಿಡಿದು ಪ್ರಶ್ನೆ ಕೇಳಿದ್ದಾರೆ. ಕೆಲವರ ಕೈ ಉತ್ತರವನ್ನೂ ಕೊಟ್ಟಿದೆ!

ಮೊದಲ ಅಚ್ಚರಿ ಮೊದಲ ದಿನದ್ದೇ. 1846ರ ಅಕ್ಟೋಬರ್ 16, ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ವಿಲಿಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯ ಎಲ್ಲರೆದುರು ಈಥರ್ ಆವಿ ಕೊಟ್ಟ. ಜಾನ್ ಕಾಲಿನ್ಸ್ ವಾರನ್ ಎಂಬ ಹಿರಿಯ ಸರ್ಜನ್ ಗಿಲ್ಬರ್ಟ್ ಅಬಾಟ್ ಎಂಬ ಯುವಕನ ಕುತ್ತಿಗೆಯ ಗಡ್ಡೆಗೆ ಕತ್ತಿ ಹಾಕಿದರು. ಯುವಕ ಕಿರುಚಲಿಲ್ಲ. ಇಡೀ ಜಗತ್ತು ಇವತ್ತಿಗೂ ಅಕ್ಟೋಬರ್ 16ನ್ನು ಅರಿವಳಿಕೆ ದಿನವಾಗಿ ಆಚರಿಸುತ್ತದೆ. ಆದರೆ ಅಬಾಟ್ ಎದ್ದ ಮೇಲೆ ಏನು ಹೇಳಿದ ಗೊತ್ತೇ? ನೋವಾಗಲಿಲ್ಲ, ಆದರೆ ಕುತ್ತಿಗೆಯನ್ನು ಏನೋ ಕೆರೆದ ಹಾಗೆ ಅನ್ನಿಸಿತು, ಆಪರೇಷನ್ ನಡೆಯುತ್ತಿರುವುದು ತಿಳಿಯುತ್ತಿತ್ತು ಎಂದ. ಚರಿತ್ರೆಯ ಅತಿ ಪ್ರಸಿದ್ಧ ಅರಿವಳಿಕೆಯಲ್ಲಿ ರೋಗಿಗೆ ಅರಿವಿತ್ತು!

ಇನ್ನೂ ತಮಾಷೆ ಕೇಳಿ. ಅದಕ್ಕೂ ಒಂದೂ ಮುಕ್ಕಾಲು ವರ್ಷ ಮೊದಲು, 1845ರ ಜನವರಿಯಲ್ಲಿ, ಅದೇ ಬಾಸ್ಟನ್‌ನಲ್ಲಿ ಹೊರೇಸ್ ವೆಲ್ಸ್ ನಗೆ ಅನಿಲ ಕೊಟ್ಟು ಹಲ್ಲು ಕೀಳುವ ಪ್ರದರ್ಶನ ಮಾಡಿದ್ದ. ಹಲ್ಲು ಕೀಳಿಸಿಕೊಂಡವನು ಕೂಗಿಕೊಂಡ. ಸೇರಿದ್ದವರು ಮೋಸ ಎಂದು ಗೇಲಿ ಮಾಡಿದರು. ಆದರೆ ಎಚ್ಚರವಾದ ಮೇಲೆ ಆ ಮನುಷ್ಯ, ಹಲ್ಲು ಕಿತ್ತಾಗ ಸಾಮಾನ್ಯವಾಗಿ ಆಗುವಷ್ಟು ನೋವು ತನಗಾಗಲಿಲ್ಲ ಎಂದ! ಒಬ್ಬ ಸುಮ್ಮನಿದ್ದ, ಆದರೆ ಅವನಿಗೆ ತಿಳಿಯುತ್ತಿತ್ತು. ಇನ್ನೊಬ್ಬ ಕೂಗಿದ, ಆದರೆ ಅವನಿಗೆ ಅಷ್ಟು ನೋವಾಗಿರಲಿಲ್ಲ. ಹೊರಗೆ ಕಂಡದ್ದನ್ನು ನಂಬುವ ಹಾಗಿಲ್ಲ ಎಂಬುದು ಮೊದಲೆರಡು ಪ್ರದರ್ಶನಗಳಲ್ಲೇ ಗೊತ್ತಾಗಿಹೋಯಿತು.

ಲಂಡನ್‌ನಲ್ಲಿ ಕಾಲರಾ ಹರಡುವುದು ನೀರಿನಿಂದ ಎಂದು 1854ರಲ್ಲಿ ಬೀದಿಯ ಪಂಪನ್ನು ತೋರಿಸಿ ಹೇಳಿದ ಡಾ. ಜಾನ್ ಸ್ನೋ ಹೆಸರು ಕೇಳಿದ್ದೀರಲ್ಲ? ಅವರ ದಿನನಿತ್ಯದ ಕೆಲಸ ಅರಿವಳಿಕೆ ಕೊಡುವುದು! ಮತ್ತು ಎಷ್ಟು ಆಳಕ್ಕೆ ಹೋಗಿದೆ ಎಂದು ಅಳೆಯಲು 1847ರಲ್ಲೇ ಐದು ಹಂತಗಳನ್ನು ಬರೆದಿಟ್ಟರು. 1853ರಲ್ಲಿ ವಿಕ್ಟೋರಿಯಾ ರಾಣಿಗೆ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟವರೂ ಇವರೇ!

ನಮ್ಮ ಬೀದರ್, ಕಲಬುರಗಿ, ರಾಯಚೂರು ಸೀಮೆ ಆಗ ನಿಜಾಮನ ರಾಜ್ಯದಲ್ಲಿತ್ತು. ಅದೇ ನಿಜಾಮ, ಮೀರ್ ಮೆಹಬೂಬ್ ಅಲಿ ಖಾನ್, ಕ್ಲೋರೋಫಾರ್ಮ್ ಸಂಶೋಧನೆಗೆ ಬೊಕ್ಕಸದಿಂದ ಹಣ ಕೊಟ್ಟಿದ್ದ! 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಕಮಿಷನ್‌ಗಳು ಕೂತವು. ಎರಡನೆಯದಕ್ಕೆ ಲಂಡನ್‌ನಿಂದ ಲಾಡರ್ ಬ್ರಂಟನ್ ಎಂಬ ವಿಜ್ಞಾನಿಯನ್ನೇ ಕರೆಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಕ್ಲೋರೋಫಾರ್ಮ್ ಕೊಡುವವರು ನಾಡಿ ಹಿಡಿದು ಕೂರಬೇಕೇ, ಉಸಿರನ್ನು ಗಮನಿಸಬೇಕೇ? ಇದು ಜಗಳ. ಉಸಿರನ್ನೇ ನೋಡಿ ಎಂದಿತು ಹೈದರಾಬಾದ್. ಲಂಡನ್‌ನ ಅನೇಕರು ಒಪ್ಪಲಿಲ್ಲ. ಇಂದು ನಾಡಿ, ಉಸಿರು ಎರಡನ್ನೂ ಬಿಡದೆ ನೋಡುತ್ತಾರೆ!

ಅದೇ ಹೈದರಾಬಾದಿನಲ್ಲಿ ಆ ಕಾಲಕ್ಕೇ ಡಾ. ರೂಪಾ ಬಾಯಿ ಫರ್ದೂನ್‌ಜಿ ಕ್ಲೋರೋಫಾರ್ಮ್ ಕೊಡುತ್ತಿದ್ದರು. ಇಡೀ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರೊಬ್ಬರು!

ಮೊದಲ ಮಹಾಯುದ್ಧ. ಗಾಯಾಳುಗಳು ಸಾವಿರಾರು, ಅರಿವಳಿಕೆ ತಜ್ಞರು ಬೆರಳೆಣಿಕೆ. ಅಮೆರಿಕದ ಡಾ. ಆರ್ಥರ್ ಗೆಡೆಲ್ ಹೊಸಬರಿಗೆ ಈಥರ್ ಕೊಡುವುದನ್ನು ಕಲಿಸಿ, ಅವರ ಕೈಗೊಂದು ಪಟ್ಟಿ ಕೊಟ್ಟರು. ಕಣ್ಣುಗುಡ್ಡೆ ಅಲೆದಾಡುತ್ತಿದೆಯೇ? ಪಾಪೆ ಎಷ್ಟು ಅಗಲ? ಉಸಿರು ಹೇಗಿದೆ? ಅಷ್ಟು ನೋಡಿದರೆ ಎಷ್ಟು ಆಳ ಎಂದು ಗೊತ್ತಾಗುತ್ತಿತ್ತು. ಎಲ್ಲರೂ ಸರಿಯಾಗಿ ಮಾಡುತ್ತಿದ್ದಾರಾ ಎಂದು ನೋಡಲು ಡಾಕ್ಟರು ಮೋಟಾರ್‌ಸೈಕಲ್ ಏರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡುತ್ತಿದ್ದರು!

ಆ ಪಟ್ಟಿಯನ್ನು ಕೆಡಿಸಿದ್ದು ಬಾಣದ ತುದಿಗೆ ಹಚ್ಚುವ ವಿಷ. ನಂಬಿ! ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರ ಕುರಾರೆ ವಿಷವನ್ನು 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಆಪರೇಷನ್ ಟೇಬಲ್ ಮೇಲಿದ್ದ ರೋಗಿಗೆ ಕೊಟ್ಟರು. ಹೊಟ್ಟೆಯ ಸ್ನಾಯು ಮೆತ್ತಗಾಯಿತು, ಸರ್ಜನ್ನರಿಗೆ ಕೆಲಸ ಹಗುರವಾಯಿತು. ಅದು ನಡೆದದ್ದು ಒಂದು ಹೋಮಿಯೋಪಥಿ ಆಸ್ಪತ್ರೆಯಲ್ಲಿ!

ಕುರಾರೆ ಜಾತಿಯ ಔಷಧಿಗಳು ಸ್ನಾಯುಗಳನ್ನು ಸಡಿಲಿಸುತ್ತವೆ. ಅದರಿಂದ ಕೈ ಏಳದು, ಬಾಯಿ ತೆರೆಯದು, ರೆಪ್ಪೆಯೂ ಅಲುಗದು, ಉಸಿರಾಟಕ್ಕೂ ಯಂತ್ರ ಬೇಕು. ಸರಿ, ಪ್ರಜ್ಞೆ? ಅದೂ ಹೋಗುತ್ತದೆಂದು ಆಗ ಕೆಲವರು ನಂಬಿದ್ದರು. ಅದನ್ನು ಪರೀಕ್ಷಿಸಲು ಅಮೆರಿಕದ ಯೂಟಾ ರಾಜ್ಯದ ಅರಿವಳಿಕೆ ವೈದ್ಯ ಸ್ಕಾಟ್ ಸ್ಮಿತ್ ಏನು ಮಾಡಿದರು ಗೊತ್ತೇ? ತಾವೇ ಮಲಗಿದರು! ನಿದ್ದೆಯ ಔಷಧಿ ಒಂದು ಹನಿಯೂ ಬೇಡವೆಂದರು. ಉಸಿರಾಟದ ಸ್ನಾಯುಗಳು ನಿಲ್ಲಲು ಬೇಕಾದದ್ದರ ಎರಡೂವರೆ ಪಟ್ಟು ಕುರಾರೆ ಔಷಧಿ ಹಾಕಿಸಿಕೊಂಡರು.

ದೇಹ ಮರಗಟ್ಟಿತು. ಗೆಳೆಯರು ಕೃತಕ ಉಸಿರು ಕೊಡುತ್ತಾ ಕುಳಿತರು. ಚುಚ್ಚಿ ನೋಡಿದರು. ಔಷಧಿ ಇಳಿದ ಮೇಲೆ ಸ್ಮಿತ್ ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಎಲ್ಲ ಮಾತು ಕೇಳಿಸಿತ್ತು, ಎಲ್ಲ ಚುಚ್ಚೂ ನೋಯಿಸಿತ್ತು, ಗಂಟಲಲ್ಲಿ ಜೊಲ್ಲು ನಿಂತು ಉಸಿರು ಕಟ್ಟಿದ ಹಾಗಾಗುತ್ತಿತ್ತು. ಆದರೆ ಹೊರಗಿನಿಂದ ನೋಡಿದವರಿಗೆ ಒಂದು ಅಲುಗಾಟವೂ ಕಂಡಿರಲಿಲ್ಲ! 1947ರಲ್ಲಿ ಆ ವರದಿ ಅಚ್ಚಾಯಿತು. ಒಬ್ಬ ವೈದ್ಯ ತನ್ನ ರೋಗಿಗಳಿಗಾಗಿ ಇಷ್ಟು ಸಹಿಸಿದ್ದನ್ನು ಓದಿದರೆ ಇವತ್ತಿಗೂ ಕೈ ಮುಗಿಯಬೇಕೆನ್ನಿಸುತ್ತದೆ.

ಈಗ ಬರುತ್ತದೆ ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ. 1977, ಸ್ಕಾಟ್ಲೆಂಡಿನ ಅಬರ್ಡೀನ್. ಸಿಸೇರಿಯನ್ ಆಪರೇಷನ್‌ಗೆ ಮಲಗಿದ ತಾಯಂದಿರಿಗೆ ಎಚ್ಚರವಿದೆಯೇ ಎಂದು ಡಾ. ಮೈಕೆಲ್ ಟನ್‌ಸ್ಟಾಲ್ ಅವರಿಗೆ ತಿಳಿಯಬೇಕಿತ್ತು. ದೇಹವೆಲ್ಲ ಸ್ನಾಯು ಸಡಿಲಿಸುವ ಔಷಧಿಯಿಂದ ಕಟ್ಟುಬಿದ್ದಿದೆ. ಕೇಳುವುದು ಯಾರನ್ನು? ಅವರು ಒಂದು ಕೈಗೆ ಬಿಪಿ ನೋಡುವಾಗ ಸುತ್ತುವಂಥ ಪಟ್ಟಿ ಸುತ್ತಿ, ಗಾಳಿ ತುಂಬಿ ಬಿಗಿದರು. ಆಮೇಲೆ ಔಷಧಿ ಕೊಟ್ಟರು. ರಕ್ತ ಹೋಗದ ಆ ಕೈಗೆ ಔಷಧಿಯೂ ಹೋಗಲಿಲ್ಲ. ಇಡೀ ದೇಹದಲ್ಲಿ ಆ ಒಂದು ಕೈ ಮಾತ್ರ ಸ್ವತಂತ್ರ!

ಇನ್ನು ಆ ಕೈಯನ್ನು ಹಿಡಿದುಕೊಂಡು ಕಿವಿಯ ಬಳಿ ಹೇಳುವುದು. ನಾನು ಹೇಳುವುದು ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ. ನೋವಿದ್ದರೆ ಎರಡು ಸಲ ಹಿಸುಕಿ. ಕಾಯುವುದು. ಯೋಚಿಸಿ, ಮುಖದಲ್ಲಿ ಏನೂ ಇಲ್ಲ, ಯಂತ್ರಗಳು ಎಲ್ಲ ಸರಿ ಎನ್ನುತ್ತಿವೆ, ಹಠಾತ್ತನೆ ಬೆರಳುಗಳು ನಿಮ್ಮ ಬೆರಳನ್ನು ಒತ್ತುತ್ತವೆ!

ಅಂಥದ್ದು ನಡೆಯುತ್ತದೆಯೇ? ನಡೆಯುತ್ತದೆ! 2017ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ 260 ರೋಗಿಗಳ ಕೈಯನ್ನು ಹೀಗೆ ಕಟ್ಟಿದ್ದರು. ಗಂಟಲಿಗೆ ಉಸಿರಿನ ಕೊಳವೆ ಹಾಕಿದ ಮೇಲೆ ಕೇಳಿದಾಗ 12 ಮಂದಿ ಕೈ ಹಿಸುಕಿದರು. ಅವರಲ್ಲಿ 5 ಮಂದಿ ನೋವಿದೆ ಎಂದೂ ತಿಳಿಸಿದರು. ಆಮೇಲಿನ ಇನ್ನೊಂದು ಅಧ್ಯಯನ, 2023ರದ್ದು, 18ರಿಂದ 40 ವಯಸ್ಸಿನವರನ್ನೇ ನೋಡಿತು. ನೂರಕ್ಕೆ ಸುಮಾರು 11 ಮಂದಿ ಉತ್ತರ ಕೊಟ್ಟರು. ಹೆಂಗಸರಲ್ಲಿ ಈ ಪ್ರಮಾಣ ಗಂಡಸರಿಗಿಂತ ಹೆಚ್ಚು ಕಡಿಮೆ ಎರಡರಷ್ಟು!

ಗಾಬರಿಯಾಗಬೇಡಿ, ಇದರ ಇನ್ನೊಂದು ಮುಖ ಇನ್ನೂ ವಿಚಿತ್ರ. 2017ರ ಅಧ್ಯಯನದಲ್ಲಿ ಕೈ ಹಿಸುಕಿದವರನ್ನು ಎದ್ದ ಮೇಲೆ ವಿಚಾರಿಸಿದರೆ ಒಬ್ಬರಿಗೂ ಏನೂ ನೆನಪಿರಲಿಲ್ಲ! ಪ್ರಶ್ನೆ ಕೇಳಿಸಿದೆ, ಅರ್ಥವಾಗಿದೆ, ಸರಿಯಾದ ಉತ್ತರ ಕೊಟ್ಟಿದ್ದಾರೆ, ಎಲ್ಲ ಅಳಿಸಿಹೋಗಿದೆ. ಹಾಗಾದರೆ ಆ ಹೊತ್ತಿನಲ್ಲಿ ನೋವು ಅನುಭವಿಸಿದವರು ಯಾರು? ನೆನಪಿಲ್ಲದ್ದು ನೋವಲ್ಲ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಕ್ಷಣದಲ್ಲಿ ಎರಡು ಸಲ ಹಿಸುಕಿದ ಕೈಯನ್ನು ನಂಬಲೇಬೇಕು.

ಎದ್ದ ಮೇಲೂ ನೆನಪಿಟ್ಟುಕೊಳ್ಳುವವರು ಎಷ್ಟು ಮಂದಿ? ತೀರಾ ಕಡಿಮೆ! ಬ್ರಿಟನ್ ಮತ್ತು ಐರ್ಲೆಂಡಿನ ವೈದ್ಯರು ತಮ್ಮ ಆಸ್ಪತ್ರೆಗಳಿಂದ ವರದಿ ಕಲೆಹಾಕಿ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು 19,000 ಅರಿವಳಿಕೆಗೆ ಒಬ್ಬರು. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರೆ 8,000ಕ್ಕೆ ಒಬ್ಬರು. ಕೊಡದಿದ್ದರೆ 1,36,000ಕ್ಕೆ ಒಬ್ಬರು. ಪೂರ್ತಿ ಮತ್ತು ಕೊಟ್ಟು ಮಾಡುವ ಸಿಸೇರಿಯನ್‌ನಲ್ಲಿ ಮಾತ್ರ ಸುಮಾರು 670ಕ್ಕೆ ಒಬ್ಬರು. ಹೆಚ್ಚಿನವು ಕತ್ತಿ ಆಡುವಾಗಿನ ನೆನಪುಗಳೂ ಅಲ್ಲ. ಅರಿವಳಿಕೆ ಹತ್ತುವ ಹೊತ್ತಿನಲ್ಲಿ, ಇಳಿಯುವ ಹೊತ್ತಿನಲ್ಲಿ ಆದಂಥವು. ಬಹುಪಾಲು ಐದು ನಿಮಿಷದೊಳಗೆ ಮುಗಿದವು.

ಅದೇ ವರದಿಯಲ್ಲಿ ಒಬ್ಬರು ತಮಗಾದ ಅನುಭವವನ್ನು ಹೇಳಿಕೊಂಡದ್ದು ಎಷ್ಟು ಕಾಲದ ಮೇಲೆ ಗೊತ್ತೇ? 62 ವರ್ಷ! ಅಷ್ಟು ಕಾಲ ಅದನ್ನು ಒಳಗೇ ಇಟ್ಟುಕೊಂಡಿದ್ದರು. ಹೇಳಿದರೆ ಯಾರೂ ನಂಬುವುದಿಲ್ಲ ಎಂಬ ಭಯ ಇಂಥವರನ್ನು ಬಾಯಿ ಕಟ್ಟಿ ಕೂರಿಸುತ್ತದೆ. ನಿಮಗೋ ನಿಮ್ಮ ಮನೆಯವರಿಗೋ ಹಾಗೇನಾದರೂ ಆಗಿದ್ದರೆ ದಯವಿಟ್ಟು ಅರಿವಳಿಕೆ ಡಾಕ್ಟರ ಹತ್ತಿರ ಹೇಳಿ. ಮುಂದಿನ ಸಲ ಅವರು ಅದಕ್ಕೆ ತಕ್ಕಂತೆ ನೋಡಿಕೊಳ್ಳುತ್ತಾರೆ.

ನೆನಪು ಹುಡುಕಲು ಡಾಕ್ಟರುಗಳು 1970ರಿಂದ ಬಳಸುತ್ತಿರುವ ಪ್ರಶ್ನೆಗಳು ಎಷ್ಟು ಸರಳ ನೋಡಿ. ಮಲಗುವ ಮೊದಲು ಕಡೆಯದಾಗಿ ನೆನಪಿರುವುದೇನು? ಎದ್ದ ಮೇಲೆ ಮೊದಲು ನೆನಪಿರುವುದೇನು? ನಡುವೆ ಏನಾದರೂ? ಕನಸು ಬಿತ್ತೇ? ನೇರವಾಗಿ ಕೇಳಿ ಹುಡುಕಿದರೆ, ರೋಗಿಗಳೇ ಬಂದು ಹೇಳುವುದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತವೆ. ಸಾವಿರಕ್ಕೆ ಒಂದೆರಡು!

ಕನಸಿನ ಮಾತು ಬಂತಲ್ಲ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ 300 ರೋಗಿಗಳನ್ನು ಎದ್ದ ತಕ್ಷಣ ಕೇಳಿದರು. ನೂರಕ್ಕೆ 22 ಮಂದಿಗೆ ಕನಸು ಬಿದ್ದಿತ್ತು!

ಆಪರೇಷನ್ ನಡುವೆ ಎಚ್ಚರವಾದವರು ಸಾಮಾನ್ಯವಾಗಿ ಮೊದಲು ಹೇಳುವುದು ಕೇಳಿಸಿದ್ದನ್ನು. ಕಣ್ಣಿಗೆ ಟೇಪ್ ಅಂಟಿಸಿರುತ್ತಾರೆ, ಕಿವಿ ಮಾತ್ರ ತೆರೆದಿರುತ್ತದೆ. ಅದಕ್ಕೇ ಇಯರ್‌ಫೋನಿನಲ್ಲಿ ಟಿಕ್ ಟಿಕ್ ಸದ್ದು ಕೊಟ್ಟು, ಮಿದುಳು ಅದಕ್ಕೆ ಹೇಗೆ ಓಗೊಡುತ್ತದೆ ಎಂದು ನೋಡಿ ಅರಿವಳಿಕೆಯ ಆಳ ಅಳೆಯುವ ಯಂತ್ರಗಳೂ ಬಂದವು!

1965ರಲ್ಲಿ ದಕ್ಷಿಣ ಆಫ್ರಿಕಾದ ಬರ್ನಾರ್ಡ್ ಲೆವಿನ್‌ಸನ್ ಒಂದು ಪ್ರಯೋಗದ ವರದಿ ಕೊಟ್ಟರು. ಇಂದು ಯಾವ ಆಸ್ಪತ್ರೆಯೂ ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಹಲ್ಲಿನ ಆಪರೇಷನ್‌ಗೆ ಆಳವಾಗಿ ಮತ್ತು ಕೊಟ್ಟಿದ್ದ 10 ಮಂದಿಯ ಪಕ್ಕದಲ್ಲಿ ನಾಟಕವಾಡಿದರು! ನಿಲ್ಲಿಸಿ, ರೋಗಿಯ ಬಣ್ಣ ಸರಿಯಿಲ್ಲ, ತುಟಿ ನೀಲಿಗಟ್ಟಿದೆ ಎಂದು ಸುಳ್ಳು ಗಾಬರಿ ಮಾಡಿದರು. ತಿಂಗಳ ಮೇಲೆ ಅವರನ್ನು ಸಮ್ಮೋಹನಕ್ಕೆ ಒಳಪಡಿಸಿ ಕೇಳಿದರೆ ನಾಲ್ವರು ಆ ಮಾತನ್ನು ಹೆಚ್ಚು ಕಡಿಮೆ ಅಕ್ಷರಶಃ ಒಪ್ಪಿಸಿದರಂತೆ! ಆಮೇಲೆ ಯಾರಿಗೂ ಅದೇ ಫಲ ಸಿಕ್ಕಿಲ್ಲ, ಹಾಗಾಗಿ ಪೂರ್ತಿ ನಂಬುವುದು ಕಷ್ಟ.

ಆದರೆ ಇದನ್ನು ನಂಬಬಹುದು. ಜರ್ಮನಿಯ ಐದು ಆಸ್ಪತ್ರೆಗಳಲ್ಲಿ 385 ರೋಗಿಗಳ ಕಿವಿಗೆ ಇಯರ್‌ಫೋನ್ ಹಾಕಿದರು. ಅರ್ಧದಷ್ಟು ಮಂದಿಗೆ ಆಪರೇಷನ್ ನಡೆಯುತ್ತಿದ್ದಾಗ ಹಿತವಾದ ಸಂಗೀತ, ಧೈರ್ಯದ ಮಾತು. ಉಳಿದವರಿಗೆ ಬರೀ ಮೌನ. ಯಾರಿಗೆ ಯಾವುದು ಎಂದು ಡಾಕ್ಟರುಗಳಿಗೂ ಗೊತ್ತಿಲ್ಲ. 2020ರಲ್ಲಿ ಫಲಿತಾಂಶ ಬಂತು. ಮಾತು ಕೇಳಿದವರಿಗೆ ಎದ್ದ ಮೇಲೆ ನೋವು ಕಡಿಮೆ, ನೋವಿನ ಔಷಧಿಯೂ ಕಡಿಮೆ ಸಾಕಾಯಿತು! ಪ್ರಜ್ಞೆ ತಪ್ಪಿದವರಿಗೆ ಹೇಳಿದ ಒಳ್ಳೆಯ ಮಾತು ಫಲ ಕೊಟ್ಟಿತು!

ಸರಿ, ಈಗ ನೋವಿನ ಕಡೆ ಬನ್ನಿ. ಪ್ರಜ್ಞೆ ಇಲ್ಲದಿದ್ದರೂ ದೇಹ ಸುಮ್ಮನಿರುವುದಿಲ್ಲ! ಕತ್ತಿ ತಾಗಿದರೆ ಬಿಪಿ ಏರುತ್ತದೆ, ಎದೆಬಡಿತ ಓಡುತ್ತದೆ, ಹಣೆಯಲ್ಲಿ ಬೆವರು ಮೂಡುತ್ತದೆ, ಮುಚ್ಚಿದ ಕಣ್ಣಂಚಿನಲ್ಲಿ ನೀರು ಬರುತ್ತದೆ. ಈ ನಾಲ್ಕಕ್ಕೂ ಅಂಕ ಹಾಕಿ ಕೂಡಿಸುವ ಕ್ರಮ 1980ರ ದಶಕದಲ್ಲೇ ಬಂತು. ಅರಿವಳಿಕೆ ತಜ್ಞರು ಕಣ್ಣೀರಿಗೂ ಮಾರ್ಕ್ಸ್ ಕೊಡುತ್ತಾರೆ!

ಕುದುರೆಗೆ ಆಪರೇಷನ್ ಮಾಡುವ ಪಶುವೈದ್ಯರೂ ಕಣ್ಣನ್ನೇ ನೋಡುತ್ತಾರೆ. ಕುದುರೆಯ ಕಣ್ಣುಗುಡ್ಡೆ ಪಟಪಟನೆ ಅತ್ತಿತ್ತ ಓಡಿ ನೀರು ಬಂತೆಂದರೆ ಮತ್ತು ಇಳಿಯುತ್ತಿದೆ, ಇನ್ನೇನು ಒದೆಯಬಹುದು ಎಂದರ್ಥ!

ಅನ್ನನಾಳದ ಬಲೂನಿನ ಕತೆ ಹೇಳಲೇಬೇಕು. ಸ್ನಾಯು ಸಡಿಲಿಸುವ ಔಷಧಿಗೆ ಅನ್ನನಾಳದ ಕೆಳತುದಿ ಬಗ್ಗುವುದಿಲ್ಲ. ಅರಿವಳಿಕೆ ತೆಳುವಾದರೆ ಅದು ಹೆಚ್ಚು ಹೆಚ್ಚು ಹಿಂಡಿಕೊಳ್ಳುತ್ತದೆ. ಅದನ್ನೆಣಿಸಲು ಪುಟ್ಟ ಬಲೂನು ಇಳಿಸಿದರು. ಹೆಚ್ಚು ಕಾಲ ನಿಲ್ಲಲಿಲ್ಲ, ಆದರೆ ಎಂಥ ತಲೆ!

ಕಣ್ಣಿನ ಪಾಪೆಯೂ ಅಷ್ಟೇ, ಆ ಔಷಧಿಗೆ ಬಗ್ಗದು. ಹಾಗಾಗಿ ದೇಹವೆಲ್ಲ ಕಟ್ಟುಬಿದ್ದಾಗಲೂ ನೋವಿನ ಪೆಟ್ಟು ಬಿದ್ದರೆ ಪಾಪೆ ಅಗಲವಾಗುತ್ತದೆ! ಇಂದು ಅದನ್ನು ಅಳೆಯಲು ಪುಟ್ಟ ಕ್ಯಾಮೆರಾ ಇದೆ. ಫ್ರಾನ್ಸಿನ ಲಿಲ್ ನಗರದಲ್ಲಿ ಹುಟ್ಟಿದ ಯಂತ್ರವೊಂದು ಉಸಿರಿನ ಜೊತೆ ಎದೆಬಡಿತ ಎಷ್ಟು ಏರಿಳಿಯುತ್ತದೆ ಎಂದು ನೋಡಿ ಸೊನ್ನೆಯಿಂದ ನೂರರೊಳಗೆ ಅಂಕ ಕೊಡುತ್ತದೆ. ಬೆರಳ ತುದಿಯ ನಾಡಿ ಕುಗ್ಗುವುದನ್ನು, ಅಂಗೈಯ ಬೆವರಿನಲ್ಲಿ ವಿದ್ಯುತ್ ಹರಿಯುವುದನ್ನು ಅಳೆಯುವ ಯಂತ್ರಗಳೂ ಇವೆ. ಗಮನಿಸಿ, ಇವು ತೋರಿಸುವುದು ಪೆಟ್ಟಿಗೆ ದೇಹ ಕೊಡುವ ಉತ್ತರವನ್ನು. ನೋವು ಎನ್ನಬೇಕಾದರೆ ಒಳಗೆ ಯಾರಾದರೂ ಎಚ್ಚರವಿರಬೇಕಲ್ಲ!

ಚರ್ಮ ಕೊಯ್ದಾಗ ಅರ್ಧದಷ್ಟು ಮಂದಿ ಅಲುಗಾಡದಿರಲು ಶ್ವಾಸಕೋಶದಲ್ಲಿ ಎಷ್ಟು ಅನಿಲ ಬೇಕು? ಅಮೆರಿಕದ ಎಡ್ಮಂಡ್ ಈಗರ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಹಾಕಿಕೊಟ್ಟ ಅಳತೆ ಇದು. ಸೆವೋಫ್ಲುರೇನ್ ಎಂಬ ಅನಿಲ ಸುಮಾರು ನೂರಕ್ಕೆ 2 ಸಾಕು. ನಗೆ ಅನಿಲಕ್ಕೆ ಬೇಕಾದದ್ದು ನೂರಕ್ಕೆ 104! ಅಂದರೆ ಆಮ್ಲಜನಕವೇ ಇಲ್ಲದೆ ಬರೀ ನಗೆ ಅನಿಲ ತುಂಬಿದರೂ ಸಾಲದು! ಪಾಪ, ಹೊರೇಸ್ ವೆಲ್ಸ್.

ಆದರೆ ಈ ಅಳತೆಯೊಳಗೆ ಒಂದು ದೊಡ್ಡ ಅಚ್ಚರಿ ಅಡಗಿ ಕೂತಿತ್ತು. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಲಿಗಳ ಮುಂಮಿದುಳನ್ನೇ ತೆಗೆದು ಪರೀಕ್ಷಿಸಿದರು. ಅಲುಗಾಟ ನಿಲ್ಲಿಸಲು ಬೇಕಾದ ಅನಿಲ ಬದಲಾಗಲೇ ಇಲ್ಲ! ಅದೇ ವರ್ಷ ಅಲ್ಲೇ ಇನ್ನೊಂದು ತಂಡ ಮೇಕೆಗಳ ಮಿದುಳಿಗೆ ಮಾತ್ರ ಅನಿಲ ಹೋಗುವಂತೆ ರಕ್ತದ ದಾರಿ ಬೇರ್ಪಡಿಸಿತು. ಆಗ ಎರಡು ಪಟ್ಟಿಗೂ ಹೆಚ್ಚು ಅನಿಲ ಬೇಕಾಯಿತು. ಅಂದರೆ ಕತ್ತಿಗೆ ದೇಹ ಅಲುಗಾಡದಂತೆ ತಡೆಯುವುದು ಬೆನ್ನುಹುರಿಯಲ್ಲಿ, ಮಿದುಳಿನಲ್ಲಿ ಅಲ್ಲ! ರೋಗಿ ಅಲುಗಾಡಿದ ಎಂದರೆ ಎಚ್ಚರವಿದೆ ಎಂದಲ್ಲ. ಅಲುಗಾಡಲಿಲ್ಲ ಎಂದರೆ ಎಚ್ಚರವಿಲ್ಲ ಎಂದೂ ಅಲ್ಲ. ನೂರೈವತ್ತು ವರ್ಷ ನೋಡುತ್ತಾ ಬಂದ ಗುರುತೇ ಬೇರೆ ಅಂಗದ್ದು!

ವಯಸ್ಸಾದಂತೆ ಈ ಅನಿಲ ಕಡಿಮೆ ಸಾಕು. ನಲವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ 6ರಂತೆ ಇಳಿಯುತ್ತದೆ. ಎಲ್ಲರಿಗಿಂತ ಹೆಚ್ಚು ಬೇಕಾಗುವುದು ಯಾರಿಗೆ? ಆರು ತಿಂಗಳ ಆಸುಪಾಸಿನ ಕೂಸಿಗೆ!

ಕೆಂಗೂದಲಿನ ಹೆಂಗಸರಿಗೆ ನೂರಕ್ಕೆ 19ರಷ್ಟು ಹೆಚ್ಚು ಅನಿಲ ಬೇಕು ಎಂದು 2004ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಅದರಲ್ಲಿದ್ದ ಕೆಂಗೂದಲಿನವರು 10 ಮಂದಿ ಮಾತ್ರ. ಆಮೇಲೆ ನೂರಾರು ಮಂದಿಯ ದಾಖಲೆ ನೋಡಿದಾಗ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಅರಿವಳಿಕೆಯ ಅನಿಲ ಎಷ್ಟು ಪ್ರಬಲ ಎಂದು ತಿಳಿಯಲು ಅದು ಆಲಿವ್ ಎಣ್ಣೆಯಲ್ಲಿ ಎಷ್ಟು ಕರಗುತ್ತದೆ ನೋಡಿ! ಹೆಚ್ಚು ಕರಗಿದಷ್ಟೂ ಹೆಚ್ಚು ಪ್ರಬಲ. 1899ರಲ್ಲಿ ಹಾನ್ಸ್ ಮೇಯರ್, 1901ರಲ್ಲಿ ಚಾರ್ಲ್ಸ್ ಓವರ್ಟನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಕಂಡುಕೊಂಡದ್ದಿದು. ಅವರ ರೋಗಿಗಳು? ಗೊದಮೊಟ್ಟೆಗಳು! ಈಜುವುದನ್ನು ನಿಲ್ಲಿಸಿದರೆ ಮತ್ತು ಬಂತೆಂದು ಲೆಕ್ಕ.

ಗಿಡಕ್ಕೂ ಮತ್ತು ಬರುತ್ತದೆ! ಮುಟ್ಟಿದರೆ ಮುನಿ ಗಿಡಕ್ಕೆ ಈಥರ್ ಆವಿ ಹಾಯಿಸಿದರೆ ಎಷ್ಟು ಮುಟ್ಟಿದರೂ ಮುನಿಯುವುದಿಲ್ಲ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಇದನ್ನು 19ನೇ ಶತಮಾನದಲ್ಲೇ ತೋರಿಸಿದ್ದರು. ನೊಣ ಹಿಡಿಯುವ ವೀನಸ್ ಗಿಡವೂ ಈಥರ್‌ನಲ್ಲಿ ಬಾಯಿ ಮುಚ್ಚುವುದನ್ನು ಮರೆಯುತ್ತದೆ, ಆವಿ ಹೋದ ಮೇಲೆ ಮತ್ತೆ ಕಲಿತಂತೆ ಮುಚ್ಚುತ್ತದೆ ಎಂದು 2018ರಲ್ಲಿ ತೋರಿಸಿದರು!

ನ್ಯೂಜಿಲೆಂಡಿನಲ್ಲಿ ಜೇನುನೊಣಗಳಿಗೆ ಹಗಲಲ್ಲಿ ಆರು ಗಂಟೆ ಅರಿವಳಿಕೆ ಕೊಟ್ಟರು. ಎದ್ದವು, ದಿಕ್ಕು ತಪ್ಪಿ ಹಾರಿದವು! ಅವು ದಾರಿ ಹಿಡಿಯುವುದು ಸೂರ್ಯ ಎಲ್ಲಿದ್ದಾನೆ, ಈಗ ಎಷ್ಟು ಹೊತ್ತು ಎಂಬ ಲೆಕ್ಕದಲ್ಲಿ. ಒಳಗಿನ ಗಡಿಯಾರ ಕೆಲವು ಗಂಟೆ ಹಿಂದೆ ಬಿದ್ದಿತ್ತು. ಆಪರೇಷನ್ ಮುಗಿಸಿ ಎದ್ದವರು ಈಗತಾನೇ ಮಲಗಿದೆ ಎನ್ನುವುದಿಲ್ಲವೇ?

ಈಗ ಹೇಳುವುದನ್ನು ನಿಧಾನವಾಗಿ ಓದಿ. 1980ರ ದಶಕದವರೆಗೂ ಹಸುಗೂಸುಗಳಿಗೆ ನೋವು ಗೊತ್ತಾಗುವುದಿಲ್ಲ ಎಂದು ಅನೇಕ ವೈದ್ಯರು ನಂಬಿದ್ದರು! ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಎದೆಯ ಆಪರೇಷನ್‌ನ್ನು ಸ್ನಾಯು ಸಡಿಲಿಸುವ ಔಷಧಿ ಮತ್ತು ಒಂದಿಷ್ಟು ನಗೆ ಅನಿಲದ ಮೇಲೆ ಮಾಡಿಬಿಡುತ್ತಿದ್ದರು. ಪೂರ್ತಿ ಅರಿವಳಿಕೆಯನ್ನು ಆ ಪುಟ್ಟ ಜೀವ ತಾಳದು ಎಂಬ ಹೆದರಿಕೆಯೂ ಇತ್ತು. ಮಗು ಅಲುಗಾಡುತ್ತಿರಲಿಲ್ಲ. ಹಾಗಾಗಿ ನೋವಿಲ್ಲ ಎಂದುಕೊಂಡರು.

ಇದನ್ನು ಬದಲಾಯಿಸಿದವರಲ್ಲಿ ಮುಂದೆ ನಿಂತವರು ಇಂದೋರ್‌ನಲ್ಲಿ ವೈದ್ಯಕೀಯ ಓದಿದ ಭಾರತೀಯ, ಡಾ. ಕನ್ವಲ್‌ಜೀತ್ ಆನಂದ್! ಆಕ್ಸ್‌ಫರ್ಡ್‌ನಲ್ಲಿ ಅವರು ಈ ಕೂಸುಗಳ ರಕ್ತ ಪರೀಕ್ಷಿಸಿದರು. ಸಂಕಟದ ಹಾರ್ಮೋನುಗಳು ಆಕಾಶಕ್ಕೇರಿದ್ದವು. ಕೆಲವು ಮಕ್ಕಳಿಗೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕವನ್ನೂ ಸೇರಿಸಿ ಕೊಟ್ಟರು. ಹಾರ್ಮೋನುಗಳು ಇಳಿದವು, ಆಪರೇಷನ್ ಆದ ಮೇಲಿನ ತೊಂದರೆಗಳೂ ಕಡಿಮೆಯಾದವು! 1987ರಲ್ಲಿ ಇದು ಲಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಂದು ಒಂದು ದಿನದ ಮಗುವಿಗೂ ನೋವಿನ ಔಷಧಿ ಸಿಗುತ್ತಿದ್ದರೆ ಅದರ ಹಿಂದೆ ಈ ಕೆಲಸವಿದೆ.

ಮಿದುಳನ್ನೇ ಕೇಳಿಬಿಡಬಾರದೇ? ಅದಕ್ಕೂ ಯಂತ್ರ ಬಂತು. ಹಣೆಗೆ ಒಂದು ಪಟ್ಟಿ ಅಂಟಿಸುತ್ತಾರೆ, ಅದು ಮಿದುಳಿನ ಅಲೆಗಳನ್ನು ಹಿಡಿದು ಒಂದೇ ಒಂದು ಅಂಕಿ ತೋರಿಸುತ್ತದೆ. ಹೆಸರು ಬಿಸ್. ಪೂರ್ತಿ ಎಚ್ಚರವಿದ್ದರೆ 100ರ ಹತ್ತಿರ, ಮಿದುಳು ಪೂರ್ತಿ ಮೌನವಾದರೆ ಸೊನ್ನೆ. ಆಪರೇಷನ್‌ಗೆ 40ರಿಂದ 60. ಅಮೆರಿಕದಲ್ಲಿ 1996ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಆದರೆ ಕೇಳಿ! 2015ರ ವರದಿಯೊಂದರಲ್ಲಿ ಹತ್ತು ಮಂದಿ ಸ್ವಯಂಸೇವಕರು ಸ್ಕಾಟ್ ಸ್ಮಿತ್ ಹಾಗೆಯೇ, ಪೂರ್ತಿ ಎಚ್ಚರವಿದ್ದುಕೊಂಡು, ಸ್ನಾಯು ಸಡಿಲಿಸುವ ಔಷಧಿ ಹಾಕಿಸಿಕೊಂಡರು. ಹಣೆಯ ಮೇಲಿನ ಯಂತ್ರದ ಅಂಕಿ 60ಕ್ಕಿಂತ ಕೆಳಗಿಳಿಯಿತು! ಆ ಅಂಕಿಯಲ್ಲಿ ಹಣೆಯ ಸ್ನಾಯುಗಳ ಮಿಡಿತವೂ ಬೆರೆತಿರುತ್ತದೆ. ಕೀಟಮಿನ್ ಎಂಬ ಔಷಧಿ ಕೊಟ್ಟರೆ ಇದರ ತಿರುಗುಮುರುಗು, ರೋಗಿಗೆ ಮತ್ತು ಏರಿದರೂ ಅಂಕಿ ಏರಿಬಿಡಬಹುದು!

ಪರೀಕ್ಷೆಗಳೂ ಒಂದೇ ಮಾತು ಹೇಳಲಿಲ್ಲ. 2004ರಲ್ಲಿ ಎಚ್ಚರವಾಗುವ ಅಪಾಯ ಹೆಚ್ಚಿದ್ದ 2,463 ಮಂದಿಯಲ್ಲಿ, ಬಿಸ್ ಇದ್ದವರಲ್ಲಿ ಇಬ್ಬರಿಗೆ, ಇಲ್ಲದವರಲ್ಲಿ 11 ಮಂದಿಗೆ ನೆನಪು ಉಳಿದಿತ್ತು. ಯಂತ್ರ ಗೆದ್ದಿತು! 2011ರಲ್ಲಿ ಸುಮಾರು 6,000 ಮಂದಿಯಲ್ಲಿ ಅದನ್ನು, ಹೊರಬಿಡುವ ಉಸಿರಿನಲ್ಲಿ ಅನಿಲ ಎಷ್ಟಿದೆ ಎಂದು ಅಳೆಯುವ ಸಾದಾ ಕ್ರಮದ ಎದುರು ನಿಲ್ಲಿಸಿದರು. ಬಿಸ್ ಕಡೆ 7, ಸಾದಾ ಕ್ರಮದ ಕಡೆ 2! ಅನಿಲ ಬಿಟ್ಟು ಬರೀ ಡ್ರಿಪ್‌ನಲ್ಲಿ ಮತ್ತು ಕೊಡುವಾಗ ಮಾತ್ರ ಹಣೆಪಟ್ಟಿಗೆ ಹೆಚ್ಚು ಬೆಲೆ. ಅಲ್ಲಿ ಅಳೆಯಲು ಉಸಿರಿನಲ್ಲಿ ಏನೂ ಇಲ್ಲವಲ್ಲ.

ಅಂಕಿಗಿಂತ ಅಲೆಗಳೇ ಚೆಂದ. ಕಣ್ಣು ಮುಚ್ಚಿ ಸುಮ್ಮನೆ ಕುಳಿತರೆ ಆಲ್ಫಾ ಎಂಬ ಅಲೆಗಳು ತಲೆಯ ಹಿಂಭಾಗದಲ್ಲಿ ಏಳುತ್ತವೆ. ಹಾಲಿನಂತೆ ಬಿಳಿಯಾದ ಪ್ರೊಪೋಫಾಲ್ ಇಂಜೆಕ್ಷನ್ ಕೊಟ್ಟು ಪ್ರಜ್ಞೆ ತಪ್ಪಿದೊಡನೆ ಅಂಥ ಅಲೆಗಳು ಹಣೆಯ ಕಡೆ ಎದ್ದು ಕೂರುತ್ತವೆ! ಅಂದಹಾಗೆ ಆ ಪ್ರೊಪೋಫಾಲ್ ಕಂಡುಹಿಡಿದ ಜಾನ್ ಗ್ಲೆನ್ ಓದಿದ್ದು ಪಶುವೈದ್ಯಕೀಯ!

ಮಿದುಳಿಗೆ ನೋವೇ ಗೊತ್ತಾಗುವುದಿಲ್ಲ, ಗೊತ್ತೇ? ಅದಕ್ಕೇ ಕೆಲವು ಮಿದುಳಿನ ಆಪರೇಷನ್‌ಗಳಲ್ಲಿ ನೆತ್ತಿಯನ್ನಷ್ಟೇ ಮರಗಟ್ಟಿಸಿ ರೋಗಿಯನ್ನು ಎಚ್ಚರವಾಗಿಯೇ ಇಡುತ್ತಾರೆ. 2017ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ಯುವಕನೊಬ್ಬ ಮಿದುಳಿನ ಆಪರೇಷನ್ ನಡೆಯುತ್ತಿದ್ದಾಗ ಗಿಟಾರ್ ನುಡಿಸಿದ! ಬೆರಳು ಸರಿಯಾಯಿತೇ ಎಂದು ಡಾಕ್ಟರುಗಳಿಗೆ ಅಲ್ಲೇ ಕೇಳಿಸುತ್ತಿತ್ತು.

ಪ್ರಜ್ಞೆ ಹೋಗುವ ದಾರಿ, ಬರುವ ದಾರಿ ಒಂದೇ ಅಲ್ಲ! ಇಲಿ ಮತ್ತು ಹಣ್ಣಿನ ನೊಣಗಳಲ್ಲಿ ನೋಡಿದ್ದಾರೆ. ಮತ್ತು ಬರಿಸಲು ಬೇಕಾದ ಅನಿಲಕ್ಕಿಂತ ಕಡಿಮೆ ಅನಿಲದಲ್ಲೂ ಅವು ಏಳದೆ ಬಿದ್ದಿರುತ್ತವೆ. ಮಿದುಳು ಇದ್ದ ಸ್ಥಿತಿಯನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡದು.

ಹಾಗಿದ್ದರೂ ಒಂದು ಕಡೆ ತಟ್ಟಿದರೆ ಎದ್ದುಬಿಡುತ್ತದೆ! 2020ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಅರಿವಳಿಕೆಯಲ್ಲಿದ್ದ ಕೋತಿಗಳ ಮಿದುಳಿನ ನಟ್ಟನಡುವೆ, ಥಲಾಮಸ್ ಎಂಬ ಭಾಗದ ಒಂದು ಪುಟ್ಟ ಮೂಲೆಗೆ ಸಣ್ಣಗೆ ವಿದ್ಯುತ್ ಹಾಯಿಸಿದರು. ಸೆಕೆಂಡಿಗೆ 50 ಮಿಡಿತ. ಕೋತಿಗಳು ಕಣ್ಣು ಬಿಟ್ಟವು, ಮುಖ ಆಡಿಸಿದವು, ಕೈಕಾಲು ಅಲುಗಿಸಿದವು! ವಿದ್ಯುತ್ ನಿಲ್ಲಿಸಿದರು. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮತ್ತಿಗಿಳಿದವು. ಈ ಅಷ್ಟೂ ಹೊತ್ತು ಅರಿವಳಿಕೆಯ ಔಷಧಿ ಹರಿಯುತ್ತಲೇ ಇತ್ತು!